ಎದೆಯ ಮೇಲಿನ ಅಳತೆಗೋಲು

ನಾಗರಹೊಳೆಯ ಕಾಡಿನಲ್ಲಿ ಎಷ್ಟು ಜಿಂಕೆಗಳಿವೆ ಎಂದು ಯಾರೂ ಒಂದೊಂದಾಗಿ ಎಣಿಸುವುದಿಲ್ಲ. ಎಣಿಸಲು ಆಗುವುದೂ ಇಲ್ಲ. ಮೊದಲೇ ಗುರುತು ಮಾಡಿಟ್ಟ ನೇರ ದಾರಿಯಲ್ಲಿ ಮುಂಜಾನೆ ಇಬ್ಬರು ಸದ್ದಿಲ್ಲದೆ ನಡೆಯುತ್ತಾರೆ. ಪ್ರಾಣಿ ಕಂಡ ಕೂಡಲೇ ನಿಂತು ಮೂರು ವಿಷಯ ಬರೆದುಕೊಳ್ಳುತ್ತಾರೆ: ಗುಂಪಿನಲ್ಲಿ ಎಷ್ಟಿವೆ, ಎಷ್ಟು ದೂರದಲ್ಲಿವೆ, ಯಾವ ದಿಕ್ಕಿಗಿವೆ. ಕಂಡವುಗಳ ಈ ಅಳತೆಯಿಂದಲೇ ಕಾಣದೆ ಉಳಿದವುಗಳನ್ನೂ ಲೆಕ್ಕಕ್ಕೆ ತಂದು, ಚದರ ಕಿಲೋಮೀಟರಿಗೆ ಇಷ್ಟು ಪ್ರಾಣಿ ಎಂದು ಅಂದಾಜು ಮಾಡಬಹುದು. ಇದೇ ಲೈನ್ ಟ್ರಾನ್ಸೆಕ್ಟ್ ವಿಧಾನ. ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ನಾಗರಹೊಳೆಯ ದೊಡ್ಡ ಸಸ್ಯಾಹಾರಿಗಳ ಸಾಂದ್ರತೆಯ ಬಗ್ಗೆ ತಮ್ಮ ಅಧ್ಯಯನವನ್ನು 1992ರಲ್ಲಿ ಪ್ರಕಟಿಸಿದರು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅಖಿಲ ಭಾರತ ಹುಲಿ ಗಣತಿಯಲ್ಲಿ ಈಗ ಬೀಟಿನ ಅರಣ್ಯ ಸಿಬ್ಬಂದಿಯೂ ಇಂಥ ದಾರಿಗಳಲ್ಲಿ ನಡೆಯುತ್ತಾರೆ. ಕಾಡಿನಲ್ಲಿ ಜಿಂಕೆ, ಕಡವೆ, ಕಾಟಿ ಎಷ್ಟಿವೆ ಎಂಬುದು ಗೊತ್ತಾಗದೆ ಆ ಕಾಡು ಎಷ್ಟು ಹುಲಿಗಳನ್ನು ಸಾಕಬಲ್ಲದು ಎಂದು ಹೇಳಲಾಗದು.

ನಾನು ಮೈಸೂರಿನ ಪದವಿ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ರಜೆಯಲ್ಲಿ ಸ್ವಯಂಸೇವಕಿಯಾಗಿ ಟ್ರಾನ್ಸೆಕ್ಟ್ ನಡೆಯುತ್ತೇನೆ, ಹೊಸಬರಿಗೆ ಅಳತೆ ಹೇಳಿಕೊಡುತ್ತೇನೆ. 'ಯಾವ ಬೈನಾಕ್ಯುಲರ್ ತಗೊಳ್ಳಲಿ ಮೇಡಂ?' ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಹೇಗೆ ಹೊರಬೇಕು ಎಂದು ಕೇಳುವವರು ಅಪರೂಪ. ಆದರೆ ಬೈನಾಕ್ಯುಲರನ್ನು ಎದೆಗೆ ಕಟ್ಟಿಕೊಳ್ಳುವ ಹಾರ್ನೆಸ್ ಕೂಡ ಅಳತೆಯ ಸಾಧನದ್ದೇ ಒಂದು ಭಾಗ. ಅದು ಸರಿಯಿಲ್ಲದಿದ್ದರೆ ಲಕ್ಷ ರೂಪಾಯಿಯ ಲೆನ್ಸೂ ತಪ್ಪು ಸಂಖ್ಯೆಯನ್ನೇ ಬರೆಸುತ್ತದೆ.

ಕೊರಳು ಹೊರಲಾರದ ಭಾರ

ದೂರ ಅಳೆಯುವ ರೇಂಜ್‌ಫೈಂಡರ್ ಇರುವ ಬೈನಾಕ್ಯುಲರ್ ಒಳಗೆ ಒಂದು ಪುಟ್ಟ ಲೇಸರ್ ಇರುತ್ತದೆ. ಮೇಲಿನ ಗುಂಡಿ ಒತ್ತಿದರೆ ಕಣ್ಣಿಗೆ ಕಾಣದ ಬೆಳಕಿನ ಮಿಡಿತವೊಂದು ಹೊರಟು, ಪ್ರಾಣಿಗೆ ತಾಗಿ ಹಿಂದಿರುಗುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. 60 ಮೀಟರ್ ದೂರ ಹೋಗಿ ಬರಲು ಅದಕ್ಕೆ ಬೇಕಾಗುವುದು ಒಂದು ಸೆಕೆಂಡಿನ 10 ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಸಮಯ. ಉಪಕರಣ ಆ ಸಮಯವನ್ನು ಅಳೆದು, ದೂರವನ್ನು ನೋಟದ ನಡುವೆಯೇ ಅಂಕಿಯಲ್ಲಿ ತೋರಿಸುತ್ತದೆ. ಒಂದು ಮೀಟರ್ ಆಚೀಚೆ ಇದ್ದೀತು, ಅಷ್ಟೆ. ಜರ್ಮನಿಯ ಲೈಕಾ ಕಂಪನಿ ಇಂಥದೊಂದನ್ನು ಜಿಯೊವಿಡ್ ಎಂಬ ಹೆಸರಿನಲ್ಲಿ 1992ರಲ್ಲೇ ಮಾರುಕಟ್ಟೆಗೆ ತಂದಿತು. ಆಮೇಲೆ ಜೈಸ್, ಸ್ವರೋವ್‌ಸ್ಕಿ, ವೋರ್ಟೆಕ್ಸ್ ಮುಂತಾದವು ಬಂದವು.

ಲೇಸರ್, ಬ್ಯಾಟರಿ, ಅಂಕಿ ತೋರಿಸುವ ಪರದೆ ಎಲ್ಲ ಸೇರಿ ತೂಕ ಹೆಚ್ಚುತ್ತದೆ. 10x42 ಅಳತೆಯ ರೇಂಜ್‌ಫೈಂಡರ್ ಬೈನಾಕ್ಯುಲರ್ ಸಾಮಾನ್ಯವಾಗಿ 900 ಗ್ರಾಂ ಆಸುಪಾಸು ತೂಗುತ್ತದೆ. ಒಂದು ಕಿಲೋ ಸಕ್ಕರೆಯ ಪೊಟ್ಟಣವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡು ಗಂಟೆಗಟ್ಟಲೆ ನಡೆದ ಹಾಗೆ. ನಡೆಯುತ್ತ ನಡೆಯುತ್ತ ಕತ್ತು ಬಾಗುತ್ತದೆ. ಕತ್ತು ಬಾಗಿದವರ ಕಣ್ಣು ನೆಲ ನೋಡುತ್ತದೆ, ಎದುರಿನ ಕಾಡನ್ನಲ್ಲ. ನಡೆಯುವ ದಾರಿಯ ಮೇಲಿರುವ ಪ್ರಾಣಿ ಖಂಡಿತ ಕಣ್ಣಿಗೆ ಬೀಳಲೇಬೇಕು ಎಂಬುದು ಟ್ರಾನ್ಸೆಕ್ಟ್ ಲೆಕ್ಕದ ಮೊದಲ ಷರತ್ತು. ಕತ್ತುನೋವಿನಿಂದ ಮುರಿಯುವುದು ಈ ಷರತ್ತೇ.

ಹಾರ್ನೆಸ್ ಆ ಭಾರವನ್ನು ಕೊರಳಿನಿಂದ ಎರಡೂ ಭುಜಗಳಿಗೆ, ಬೆನ್ನಿಗೆ ಹಂಚುತ್ತದೆ. ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಮೊದಲನೆಯದು ಬೆನ್ನಿನ ಮೇಲೆ ಇಂಗ್ಲಿಷಿನ ಎಕ್ಸ್ ಅಕ್ಷರದಂತೆ ಹಾಯುವ ಪಟ್ಟಿಗಳು. ಬೈನಾಕ್ಯುಲರ್ ಎದೆಯ ಮುಂದೆ ಬಯಲಿನಲ್ಲೇ ತೂಗುತ್ತದೆ. ಹಗುರ, ಅಗ್ಗ, ಸೆಖೆಯಿಲ್ಲ. ಎರಡನೆಯದು ಅದೇ ಪಟ್ಟಿಗಳಿಗೆ ಮುಚ್ಚಳದ ಚೀಲ ಸೇರಿಸಿದ್ದು. ಬೈನಾಕ್ಯುಲರ್ ಚೀಲದೊಳಗೆ ಕೂರುತ್ತದೆ. ಧೂಳು, ಮಳೆ, ಮುಳ್ಳಿನಿಂದ ರಕ್ಷಣೆ ಇರುತ್ತದೆ. ಈ ಎರಡನೆಯ ಬಗೆ ಹೆಚ್ಚು ಬೆಳೆದದ್ದು ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಬೇಟೆಯಾಡುವವರ ನಡುವೆ. ಅಲ್ಲಿ ಪರವಾನಗಿ ಪಡೆದು ಬೇಟೆಯಾಡಬಹುದು, ಗುರಿ ಇಡಲು ದೂರ ಬೇಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಅದೇ ದೂರ ನಮಗೆ ಉಳಿಸುವ ಲೆಕ್ಕಕ್ಕೆ ಬೇಕು. ಆದ್ದರಿಂದ ಅವರಿಗೆ ಒಳ್ಳೆಯದಾದ ಹಾರ್ನೆಸ್ ನಮಗೂ ಒಳ್ಳೆಯದೇ ಆಗಬೇಕೆಂದಿಲ್ಲ.

ಕೈಯಿಂದ ಕಣ್ಣಿಗೆ

ಪ್ರಾಣಿ ಮೊದಲು ಎಲ್ಲಿ ಕಂಡಿತೋ ಅಲ್ಲಿಗೇ ದೂರ ಅಳೆಯಬೇಕು. ನಮ್ಮನ್ನು ನೋಡಿ ಹತ್ತು ಹೆಜ್ಜೆ ಓಡಿದ ಮೇಲೆ ಅಳೆದರೆ ಆ ಅಂಕಿ ಕೆಟ್ಟಿತು. ಚುಕ್ಕಿ ಜಿಂಕೆ ತಲೆ ಎತ್ತಿ, ಕಿವಿ ನಿಮಿರಿಸಿ, ಕಾಲು ನೆಲಕ್ಕೆ ಬಡಿಯುವುದರೊಳಗೆ ಬೈನಾಕ್ಯುಲರ್ ಕಣ್ಣಿಗೆ ಬಂದಿರಬೇಕು. ಅದಕ್ಕೇ ಚೀಲದ ಮುಚ್ಚಳವನ್ನು ಒಂದೇ ಕೈಯಲ್ಲಿ, ನೋಡದೆ ತೆರೆಯಲು ಬರಬೇಕು. ಮುಚ್ಚಳ ಮೈಯಿಂದ ಹೊರಗೆ ಮಡಚಿಕೊಂಡರೆ ಬೈನಾಕ್ಯುಲರ್ ನೇರ ಮೇಲೆ ಬರುತ್ತದೆ. ಎದೆಯ ಕಡೆಗೆ ತೆರೆಯುವ ಮುಚ್ಚಳ ಕೈಗೂ ಉಪಕರಣಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ.

ಇಲ್ಲಿ ಚೀಲದ ಅಗಲವೂ ಮುಖ್ಯ. ಬೈನಾಕ್ಯುಲರಿನ ಎರಡು ಕೊಳವೆಗಳನ್ನು ನಮ್ಮ ಕಣ್ಣುಗಳ ಅಂತರಕ್ಕೆ ಒಮ್ಮೆ ಹೊಂದಿಸಿದ ಮೇಲೆ ಅದು ಹಾಗೆಯೇ ಇರಬೇಕು. ಚೀಲ ಇಕ್ಕಟ್ಟಾದರೆ ಪ್ರತಿ ಸಲ ಮಡಚಿ ಇಡಬೇಕು, ಪ್ರತಿ ಸಲ ಮತ್ತೆ ಹೊಂದಿಸಬೇಕು. ಅಷ್ಟರಲ್ಲಿ ಜಿಂಕೆ ಇರುವುದಿಲ್ಲ. ಕೊಳ್ಳುವ ಮೊದಲು ಟೇಪು ಹಿಡಿದು ಮೂರು ಅಳತೆ ತೆಗೆದುಕೊಳ್ಳಿ. ಕಣ್ಣಿಗೆ ತಾಗುವ ಐಕಪ್‌ಗಳನ್ನು ನೀವು ಬಳಸುವಷ್ಟು ಹೊರಗೆಳೆದಾಗಿನ ಉದ್ದ, ನಿಮ್ಮ ಕಣ್ಣಿಗೆ ಹೊಂದಿಸಿದಾಗಿನ ಅಗಲ, ಲೇಸರ್ ಭಾಗದ ಉಬ್ಬನ್ನೂ ಸೇರಿಸಿದ ದಪ್ಪ. '10x42 ಬೈನಾಕ್ಯುಲರಿಗೆ' ಎಂಬ ಚೀಟಿಯನ್ನಷ್ಟೇ ನಂಬಬೇಡಿ, ಎಷ್ಟೋ ಮಾದರಿಗಳಲ್ಲಿ ಈ ಉಬ್ಬು ದೊಡ್ಡದೇ ಇರುತ್ತದೆ. ಇಕ್ಕಟ್ಟಾದ ಚೀಲದಲ್ಲಿ ಲೇಸರ್ ಗುಂಡಿ ತಾನೇ ಒತ್ತಿಕೊಂಡು ಬ್ಯಾಟರಿ ಖರ್ಚಾಗುವುದೂ ಉಂಟು. ಇಂಥ ಬಹುತೇಕ ಉಪಕರಣಗಳಿಗೆ ಸಿಆರ್2 ಎಂಬ ಗಿಡ್ಡ ಲಿಥಿಯಂ ಬ್ಯಾಟರಿ ಬೇಕು. ಕಾಡಂಚಿನ ಹಳ್ಳಿಯ ಅಂಗಡಿಯಲ್ಲಿ ಅದು ಸಿಗುವುದಿಲ್ಲ, ಹಾಗಾಗಿ ಒಂದು ಹೆಚ್ಚಿನ ಬ್ಯಾಟರಿಗೆ ಜೇಬಿರುವ ಹಾರ್ನೆಸ್ ಒಳ್ಳೆಯದು.

ಸದ್ದು

ಮುಚ್ಚಳಕ್ಕೆ ವೆಲ್ಕ್ರೋ ಇದ್ದರೆ ನಾನು ಬೇಡ ಎನ್ನುತ್ತೇನೆ. ನಮ್ಮ ಜೊತೆ ನಡೆಯುವ ಜೇನುಕುರುಬ ವಾಚರ್ ಒಬ್ಬರು ತರಬೇತಿಗೆ ಬಂದ ಹುಡುಗನಿಗೆ ಹೇಳಿದ ಮಾತನ್ನೇ ನಾನು ಈಗ ಎಲ್ಲರಿಗೂ ಹೇಳುವುದು: 'ಆ ಚರ್ ಅನ್ನೋದನ್ನ ಊರಲ್ಲೇ ಬಿಟ್ಟು ಬನ್ನಿ ಅಣ್ಣ. ಅದು ಕೇಳಿದ ಮೇಲೆ ಕಡವೆ ನಿಲ್ಲಲ್ಲ.' ಪ್ಲಾಸ್ಟಿಕ್ ಕೊಂಡಿ ಬೈನಾಕ್ಯುಲರಿಗೆ ಬಡಿದು ಆಗುವ ಟಕ್ ಸದ್ದೂ ಅಷ್ಟೇ ಕೆಟ್ಟದ್ದು. ಪ್ರಾಣಿಗಳು ಓಡುತ್ತವೆ ಎಂಬುದು ಒಂದು ಕಡೆ. ಲಂಟಾನದ ಪೊದೆಯಾಚೆ ನಿಂತ ಆನೆಗೆ ನಮ್ಮ ಇರವು ಹೀಗೆ ತಿಳಿಯಬಾರದು ಎಂಬುದು ಇನ್ನೊಂದು. ಹುಕ್ಕಿಗೆ ಸಿಕ್ಕಿಸುವ ಎಲಾಸ್ಟಿಕ್ ಹುರಿ ಸದ್ದು ಮಾಡುವುದಿಲ್ಲ, ಬೇಗ ಬಿಚ್ಚುತ್ತದೆ, ಹಾಳಾದರೆ ಐದು ನಿಮಿಷದಲ್ಲಿ ಬದಲಾಯಿಸಬಹುದು.

ಅಯಸ್ಕಾಂತದ ಅಪಾಯ

ಸದ್ದಿಲ್ಲದ ಇನ್ನೊಂದು ಉಪಾಯವೆಂದು ಎಷ್ಟೋ ಕಂಪನಿಗಳು ಮುಚ್ಚಳಕ್ಕೆ ಅಯಸ್ಕಾಂತ ಹಾಕುತ್ತವೆ. ಹಕ್ಕಿ ನೋಡುವವರಿಗೆ ಅದು ಹಿತವೇ. ಟ್ರಾನ್ಸೆಕ್ಟ್ ನಡೆಯುವವರಿಗೆ ಮಾತ್ರ ಬೇಡವೇ ಬೇಡ. ನಮಗೆ ದೂರದ ಜೊತೆ ದಿಕ್ಕೂ ಬೇಕು, ದಿಕ್ಕು ತಿಳಿಯುವುದು ಕಂಪಾಸಿನಿಂದ, ಕಂಪಾಸನ್ನು ಹಿಡಿಯುವುದು ಎದೆಯ ಮುಂದೆ.

ಲೆಕ್ಕ ನೋಡಿ. ಪ್ರಾಣಿ 60 ಮೀಟರ್ ದೂರದಲ್ಲಿದೆ. ನಾವು ನಡೆಯುವ ದಾರಿಗೂ ಅದಿರುವ ದಿಕ್ಕಿಗೂ ನಡುವಿನ ಕೋನ 10 ಡಿಗ್ರಿ. ದಾರಿಯಿಂದ ಪ್ರಾಣಿಗಿರುವ ಲಂಬ ದೂರ ಎಂದರೆ 60ನ್ನು 10 ಡಿಗ್ರಿಯ ಸೈನಿನಿಂದ ಗುಣಿಸಿದ್ದು, ಸುಮಾರು 10.4 ಮೀಟರ್. ಅಯಸ್ಕಾಂತದ ಸೆಳೆತಕ್ಕೆ ಮುಳ್ಳು 5 ಡಿಗ್ರಿ ಸರಿದು ಕೋನ 15 ಎಂದು ತೋರಿಸಿದರೆ ಅದೇ ದೂರ 15.5 ಮೀಟರ್ ಆಗುತ್ತದೆ. ಲೇಸರ್ ಒಂದು ಮೀಟರಿನಷ್ಟು ಕರಾರುವಾಕ್ಕಾಗಿ ಅಳೆದುಕೊಟ್ಟದ್ದು ಅರ್ಧಕ್ಕರ್ಧ ಹೆಚ್ಚಾಗಿ ಪುಸ್ತಕಕ್ಕೆ ಹೋಯಿತು. ದಾರಿಗೆ ಹತ್ತಿರದ ಅಳತೆಗಳ ಮೇಲೆಯೇ ಇಡೀ ಅಂದಾಜು ನಿಂತಿರುವುದರಿಂದ ನಷ್ಟ ಅಲ್ಲಿಗೇ ಮುಗಿಯುವುದಿಲ್ಲ. ದಾರಿಯ ದಿಕ್ಕನ್ನೂ ಪ್ರಾಣಿಯ ದಿಕ್ಕನ್ನೂ ಅದೇ ಕಂಪಾಸಿನಲ್ಲಿ ನೋಡುವುದರಿಂದ ತಪ್ಪು ತಾನೇ ಕಳೆದುಹೋಗುತ್ತದೆ ಎಂದು ವಿದ್ಯಾರ್ಥಿಗಳು ವಾದಿಸುತ್ತಾರೆ. ಹಾಗಾಗುವುದಿಲ್ಲ. ಮೈ ತಿರುಗಿದಂತೆ ಎದೆಯ ಮೇಲಿನ ಅಯಸ್ಕಾಂತವೂ ತಿರುಗುತ್ತದೆ. ಒಂದೊಂದು ದಿಕ್ಕಿನಲ್ಲಿ ಅದು ಮುಳ್ಳನ್ನು ಒಂದೊಂದಷ್ಟು ಎಳೆಯುತ್ತದೆ.

ಪರೀಕ್ಷೆ ಸುಲಭ. ಮರದ ಮೇಜಿನ ಮೇಲೆ ಕಂಪಾಸ್ ಇಟ್ಟು, ಹಾರ್ನೆಸ್ಸನ್ನು ನಿಧಾನವಾಗಿ ಅದರ ಹತ್ತಿರ ತನ್ನಿ. ಮುಳ್ಳು ಎಷ್ಟು ದೂರದಲ್ಲಿ ಅಲುಗಿತು ನೋಡಿ. ಕಂಪಾಸನ್ನು ನೀವು ಹಿಡಿಯುವ ಜಾಗ ಅದಕ್ಕಿಂತ ಹತ್ತಿರವಿದ್ದರೆ ಆ ಹಾರ್ನೆಸ್ ಟ್ರಾನ್ಸೆಕ್ಟಿಗೆ ಸಲ್ಲದು. ಮೊಬೈಲನ್ನೂ ಹೀಗೇ ನೋಡಿ, ಅದರ ಸ್ಪೀಕರಿನಲ್ಲಿಯೂ ಅಯಸ್ಕಾಂತವಿದೆ. ಅದನ್ನು ಎದೆಯ ಜೇಬಿನಲ್ಲಿ ಇಡಬೇಡಿ. ದಿಕ್ಕು ತೋರಿಸುವ ಕಂಪಾಸ್ ಒಳಗೇ ಇರುವ ರೇಂಜ್‌ಫೈಂಡರ್ ಬೈನಾಕ್ಯುಲರುಗಳೂ ಬಂದಿವೆ, ಅವಕ್ಕೂ ಇದೇ ಎಚ್ಚರ ಬೇಕು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಂತೂ ಅಯಸ್ಕಾಂತದ ಮುಚ್ಚಳವಿರುವ ಹಾರ್ನೆಸ್ಸನ್ನು ಎದೆಗೆ ಕಟ್ಟಿಕೊಳ್ಳಲೇಬಾರದು. ಅಯಸ್ಕಾಂತವನ್ನು ಪೇಸ್‌ಮೇಕರಿನಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕೆಂಬುದು ಸಾಮಾನ್ಯ ಸಲಹೆ.

ಮೈಗೆ ಹೊಂದಬೇಕು

ಚೀಲ ಎದೆಗೂಡಿನ ಕೆಳಭಾಗಕ್ಕೆ ಕೂರಬೇಕು. ಇನ್ನೂ ಕೆಳಗಿಳಿದರೆ ತೊಡೆಗೆ ತಾಗುತ್ತದೆ, ಮೇಲೇರಿದರೆ ಕಾಲಿಡುವ ನೆಲ ಕಾಣುವುದಿಲ್ಲ. ಹಾವು ಹರಿಯುವ ಜಾಗದಲ್ಲಿ ನೆಲ ಕಾಣಲೇಬೇಕು. ಬಗ್ಗಿ ಲಂಟಾನದ ಕೆಳಗೆ ನುಸಿಯುವಾಗ ಚೀಲ ಮುಂದಕ್ಕೆ ಜೋಲಬಾರದು. ಆನೆ ಎದುರಾಗಿ ಓಡಬೇಕಾಗಿ ಬಂದಾಗ ಬೈನಾಕ್ಯುಲರ್ ಕೈಯಿಂದ ಜಾರಿದರೂ ನೆಲಕ್ಕೆ ಬೀಳದಂತೆ ಎರಡೂ ಬದಿಗೆ ಕಟ್ಟುಪಟ್ಟಿ ಇರಬೇಕು.

ಹೆಣ್ಣುಮಕ್ಕಳಿಗೆ ಒಂದು ಮಾತು. ಹೆಚ್ಚಿನ ಹಾರ್ನೆಸ್ಸುಗಳನ್ನು ಗಂಡಸರ ಎದೆಯ ಅಳತೆಗೆ ಹೊಲಿದಿರುತ್ತಾರೆ. ಭುಜದ ಪಟ್ಟಿ, ಪಕ್ಕದ ಪಟ್ಟಿ ಎರಡನ್ನೂ ಬೇರೆ ಬೇರೆಯಾಗಿ ಸಡಿಲಿಸಿ ಬಿಗಿ ಮಾಡಲು ಬರುವಂಥದ್ದನ್ನೇ ಆರಿಸಿ. ಚೀಲವನ್ನು ಎದೆಯ ಕೆಳಗೆ, ಪಕ್ಕೆಲುಬಿನ ಮೇಲೆ ಕೂರಿಸಿ. ಹಾಗೂ ಹೊಂದದಿದ್ದರೆ ಎಕ್ಸ್ ಪಟ್ಟಿಯ ಬಗೆಯೇ ಒಳ್ಳೆಯದು. ನೋವನ್ನು ಸಹಿಸಿಕೊಂಡು ನಡೆಯುವ ಅಗತ್ಯ ಇಲ್ಲ.

ಬೆನ್ನಿಗೆ ಬ್ಯಾಗು ಹಾಕುವವರು ಬ್ಯಾಗಿನ ಸಮೇತ ತೊಟ್ಟು ನೋಡಬೇಕು. ಹಾರ್ನೆಸ್ ಒಳಗೆ, ಬ್ಯಾಗು ಮೇಲೆ. ದಪ್ಪ ಬಕಲ್ ಬ್ಯಾಗಿನ ಪಟ್ಟಿಯ ಕೆಳಗೆ ಸಿಕ್ಕಿಕೊಂಡರೆ ಕಾಲರ್ ಮೂಳೆಗೆ ಒತ್ತುತ್ತದೆ. ಬೆನ್ನಿಗೆ ತಾಗುವ ಭಾಗ ಜಾಲರಿಯದಾಗಿರಲಿ, ಮಾರ್ಚ್ ತಿಂಗಳ ಬಂಡೀಪುರದಲ್ಲಿ ದಪ್ಪ ಫೋಮ್ ಬೆವರಿನಲ್ಲಿ ನೆನೆದುಹೋಗುತ್ತದೆ. ಬಣ್ಣ ಸಾದಾ ಹಸಿರು ಅಥವಾ ಕಂದು ಸಾಕು. ಸೇನೆಯ ಸಮವಸ್ತ್ರ ಹೋಲುವ ಚಿತ್ತಾರ ಬೇಡ, ಗಸ್ತಿನವರಲ್ಲಿ ಅನುಮಾನ ಹುಟ್ಟಿಸುವುದು ಯಾರಿಗೂ ಒಳ್ಳೆಯದಲ್ಲ.

ಮನೆಗೆ ಬಂದ ಮೇಲಿನ ಆರೈಕೆಯೂ ಇದೆ. ಒದ್ದೆಯಾದ ಬೈನಾಕ್ಯುಲರನ್ನು ಚೀಲದಲ್ಲೇ ಮುಚ್ಚಿಟ್ಟರೆ ನಮ್ಮ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಎರಡನ್ನೂ ಬೇರೆ ಮಾಡಿ ಗಾಳಿಗೆ ಒಣಗಿಸಿ. ಕಾಡಿನಲ್ಲಿ ಕುಳಿತಾಗ ಹಾರ್ನೆಸ್ಸನ್ನು ತರಗೆಲೆಯ ಮೇಲೆ ಇಡಬೇಡಿ, ಉಣ್ಣೆಗಳು ಹೊಲಿಗೆಯ ಸಂದಿಗೆ ಸೇರುತ್ತವೆ. ಮಂಗನ ಕಾಯಿಲೆ ಹರಡುವುದು ಉಣ್ಣೆಗಳಿಂದಲೇ ಎಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೊಳ್ಳುವ ಮುನ್ನ

ಹೊರದೇಶದ ಹಾರ್ನೆಸ್ಸೇ ಬೇಕೆಂದಿಲ್ಲ. ಅಗಲ ಎಲಾಸ್ಟಿಕ್, ನೈಲಾನ್ ಪಟ್ಟಿ, ನಾಲ್ಕು ಬಕಲ್ ಕೊಟ್ಟರೆ ಬ್ಯಾಗು ಹೊಲಿಯುವವರು ಎಕ್ಸ್ ಪಟ್ಟಿಯನ್ನು ನಿಮ್ಮ ಮೈ ಅಳತೆಗೇ ಹೊಲಿದುಕೊಡುತ್ತಾರೆ. ದಿನಾ ಗಸ್ತು ತಿರುಗುವ ಸಿಬ್ಬಂದಿಗೆ ಇಂಥದ್ದೇ ಹೆಚ್ಚು ಬಾಳಿಕೆ ಬರುತ್ತದೆ, ಕಿತ್ತುಹೋದರೆ ಊರಿನಲ್ಲೇ ರಿಪೇರಿಯಾಗುತ್ತದೆ. ಒಣಕಾಡಿನಲ್ಲಿ ಬೇಸಿಗೆಯ ಟ್ರಾನ್ಸೆಕ್ಟಿಗೆ ಎಕ್ಸ್ ಪಟ್ಟಿಯೇ ಸಾಕು. ಮಳೆಕಾಡಿಗೆ, ಮುಳ್ಳುಪೊದೆಗೆ, ದುಬಾರಿ ಉಪಕರಣಕ್ಕೆ ಮುಚ್ಚಳದ ಚೀಲ ಬೇಕು. ಆದರೆ ಅದಕ್ಕೆ ಅಯಸ್ಕಾಂತವೂ ಇರಬಾರದು, ವೆಲ್ಕ್ರೋವೂ ಇರಬಾರದು.

ಗಣತಿಗೆ ಸ್ವಯಂಸೇವಕರಾಗಿ ಹೊರಡುವವರಲ್ಲಿ ನನ್ನ ಕೋರಿಕೆ ಒಂದೇ. ಹೊಸ ಹಾರ್ನೆಸ್ಸನ್ನು ನೇರವಾಗಿ ಕಾಡಿಗೆ ತರಬೇಡಿ. ಮನೆಯ ಅಂಗಳದಲ್ಲಿ ತೊಟ್ಟು, ಬೈನಾಕ್ಯುಲರ್ ತೆಗೆದು ಒಂದು ಮರದ ದೂರ ಅಳೆದು ಮತ್ತೆ ಒಳಗಿಡುವುದನ್ನು ಕಣ್ಣು ಮುಚ್ಚಿ ಮಾಡುವಷ್ಟು ಅಭ್ಯಾಸ ಮಾಡಿ. ನೀವು ಬರೆದುಕೊಂಡು ಬರುವ ಅಂಕಿಯ ಮೇಲೆ ಒಂದು ಕಾಡಿನ ಲೆಕ್ಕ ನಿಂತಿರುತ್ತದೆ.