ವಾದಕನ ಮೈ, ವಾದ್ಯದ ಮಾತು

ವಿಜಯಪುರದಿಂದ ತಿಕೋಟೆಯ ಕಡೆಗೆ ಹೊರಟವರಿಗೆ, ಊರು ಬಿಟ್ಟು ಸ್ವಲ್ಪ ದೂರ ಪಶ್ಚಿಮಕ್ಕೆ ಸಾಗುವಷ್ಟರಲ್ಲಿ, ಕುಮಾರವಾಲ್ಮೀಕಿಯ ರಾಮಾಯಣದಿಂದಾಗಿ ಕನ್ನಡಿಗರೆಲ್ಲ ಹೆಸರು ಬಲ್ಲ ತೊರವೆಯೂ, ಅದರ ಮಗ್ಗುಲಲ್ಲಿ ನವರಸಪುರದ ಸಂಗೀತ ಮಹಲಿನ ಮುರುಕು ಕಮಾನುಗಳೂ ಎದುರಾಗುವುವು. ಎರಡನೆಯ ಇಬ್ರಾಹಿಂ ಆದಿಲಶಾಹನು 1599ರಲ್ಲಿ ಕಟ್ಟಿಸತೊಡಗಿದ ಈ ನಗರವು 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಸಿಕ್ಕಿ ಹಾಳಾಯಿತು. ಅರಸರು ಸಂಗೀತಕ್ಕೆ ಆಶ್ರಯವೀಯುವುದು ಹೊಸತೇನಲ್ಲ. ಈತನಾದರೋ ಕೇಳಿ ತಲೆದೂಗುವ ಪ್ರಭುವಾಗಿಯಷ್ಟೇ ಉಳಿಯದೆ, ತನ್ನ ತಂಬೂರಿಗೆ 'ಮೋತಿಖಾನ್' ಎಂದು ಮನುಷ್ಯರ ಹೆಸರನ್ನೇ ಇಟ್ಟು, ತಾನೇ ಅದನ್ನು ನುಡಿಸುತ್ತಿದ್ದನು. ಫರ್ರುಖ್ ಬೇಗನು ಬರೆದ, ಈಗ ಪ್ರಾಗ್ ನಗರದ ವಸ್ತುಸಂಗ್ರಹಾಲಯದಲ್ಲಿರುವ ಚಿತ್ರವೊಂದರಲ್ಲಿ ಅವನನ್ನು ಹಾಗೆಯೇ ಕಾಣಬಹುದು. 'ಕಿತಾಬ್-ಎ-ನವರಸ್'ನಲ್ಲಿ ತನ್ನನ್ನು ತಾನು ಬಣ್ಣಿಸಿಕೊಳ್ಳುವಾಗಲೂ ಅವನು ಕೈಯಲ್ಲಿನ ವಾದ್ಯವನ್ನೂ ಕೆಂಪು ಬಳಿದ ಉಗುರುಗಳನ್ನೂ ಹೇಳಲು ಮರೆಯುವುದಿಲ್ಲ.

ಅರಸನ ಉಗುರಿನ ಬಣ್ಣ ಅಲಂಕಾರಕ್ಕೆ. ಸರೋದ ನುಡಿಸುವವನ ಉಗುರೋ ವಾದ್ಯದ ಒಂದು ಅಂಗವೇ ಸರಿ. ಪರದೆಗಳಿಲ್ಲದ ಲೋಹದ ನುಣುಪು ಹಾಳೆಯ ಮೇಲೆ ಎಡಗೈಯ ಉಗುರಿನ ಅಂಚಿನಿಂದ ತಂತಿಯನ್ನೊತ್ತಿ ಜಾರಿಸಿದಾಗ ಹೊಳೆಯುವ ಸ್ವರವು, ಬೆರಳ ತುದಿಯ ಮಾಂಸ ತಗುಲಿದೊಡನೆ ಮಂಕಾಗುತ್ತದೆ. ತಂತಿಯು ಉಗುರಿನಲ್ಲಿ ಗೀರು ಕೊರೆಯುವುದು, ವಾದಕನು ಅದನ್ನು ಉಜ್ಜಿ ಸಮಮಾಡಿಕೊಳ್ಳುವುದು, ಇದು ಅವನ ನಿತ್ಯಕರ್ಮ. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರೂ ವಿಮರ್ಶಕರೂ ಆಗಿದ್ದ, ಅಲಿ ಅಕ್ಬರ್ ಖಾನರ ಶಿಷ್ಯ ರಾಜೀವ ತಾರಾನಾಥರ (1932–2024) ವಾದನದಲ್ಲಿ ಪಾಂಡಿತ್ಯವನ್ನು ಮೆಚ್ಚಿದವರು ಬಹಳ ಮಂದಿ. ಉಗುರನ್ನು ನೆನೆದವರು ಕಡಿಮೆ.

ನಮ್ಮ ಲಾಕ್ಷಣಿಕರು ಇದನ್ನರಿಯದವರಲ್ಲ. ನಾರದೀಯ ಶಿಕ್ಷೆಯು ಮರದಿಂದಾದ ದಾರವೀ ವೀಣೆಯೊಡನೆ ಮೈಯೆಂಬ ಗಾತ್ರವೀಣೆಯನ್ನೂ ಹೇಳುತ್ತದೆ. 13ನೆಯ ಶತಮಾನದಲ್ಲಿ ದೇವಗಿರಿಯಲ್ಲಿ 'ಸಂಗೀತರತ್ನಾಕರ'ವನ್ನು ರಚಿಸಿದ ಶಾರ್ಙ್ಗದೇವನು ಸ್ವರವಿಚಾರಕ್ಕೆ ತೊಡಗುವ ಮುನ್ನ ಪಿಂಡೋತ್ಪತ್ತಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟು, ಗರ್ಭದಲ್ಲಿ ಶರೀರವು ಬೆಳೆಯುವ ಕ್ರಮವನ್ನು ವಿವರಿಸುತ್ತಾನೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರಂತೂ ತಮ್ಮ ಕಾಯವನ್ನೇ ವಾದ್ಯವಾಗಿಸಿ ನುಡಿಸೆಂದು ಕೂಡಲಸಂಗಮದೇವನನ್ನು ಬೇಡಿದವರು. ಇಂದಿನ ಕಛೇರಿಯ ವರದಿಗಳಲ್ಲಿ ಮಾತ್ರ ರಾಗಭಾವಕ್ಕೆ ಹತ್ತು ಸಾಲು ಸಂದರೆ ಕೈಗೆ ಒಂದು ಸಾಲು ಸಲ್ಲುವುದೂ ಕಷ್ಟ. ದೇಹವು ರಾಗದ ಅಪ್ಪಣೆಯನ್ನು ನಡೆಸುವ ಆಳು ಮಾತ್ರವೆಂಬ ಈ ಭಾವನೆ ನನಗೆ ಒಪ್ಪಿಗೆಯಾಗಿಲ್ಲ. ಅಪ್ಪಣೆಯನ್ನು ಬರೆಯುವಾಗಲೂ ದೇಹದ ಕೈ ಅದರಲ್ಲಿರುತ್ತದೆ.

ಸಿತಾರನ್ನೇ ನೋಡಬಹುದು. ತಿಕೋಟೆಯ ದಾರಿಯಲ್ಲೇ ಮುಂದುವರಿದು ಅಥಣಿಯನ್ನು ದಾಟಿ ಹೋದರೆ ಸಿಕ್ಕುವ ಮಿರಜಿನಲ್ಲಿ, ಒಣಗಿದ ಬುರುಡೆಗೆ ದಂಡಿಯನ್ನು ಜೋಡಿಸಿ ಸಿತಾರು ಮಾಡುವ ಮನೆತನಗಳು ತಲೆಮಾರುಗಳಿಂದ ಇವೆ; ಧಾರವಾಡದಲ್ಲಿ, ಬೀನಕಾರ ಬಂದೇ ಅಲಿ ಖಾನರ ಶಿಷ್ಯರಾದ ಸಿತಾರರತ್ನ ರಹಿಮತ್ ಖಾನರಿಂದ ಬೆಳೆದ ವಾದಕರ ಪರಂಪರೆಯಿದೆ. ನೆಲದ ಮೇಲೆ ಕುಳಿತು, ಎಡಗಾಲನ್ನು ಬಲತೊಡೆಯ ಕೆಳಗೆ ಮಡಿಸಿ, ಆ ಪಾದದ ಮೇಲೆ ಬುರುಡೆಯನ್ನಿರಿಸಿ, ಬಲ ಮುಂದೋಳಿನಿಂದ ಅದನ್ನು ಅದುಮಿದಾಗ ವಾದ್ಯವು ತಾನಾಗಿ ನಿಲ್ಲಬೇಕು. ಎಡಗೈ ದಂಡಿಯನ್ನು ಹೊರುವಂತಾದರೆ ಮೀಂಡು ಕೆಟ್ಟಿತೆಂದೇ ತಿಳಿಯಬೇಕು. ಏಕೆಂದರೆ ಒಂದೇ ಪರದೆಯ ಮೇಲೆ ತಂತಿಯನ್ನು ಅಡ್ಡಕ್ಕೆಳೆದು ನಾಲ್ಕೈದು ಸ್ವರಗಳಷ್ಟು ಏರಿಸುವ ಆ ಎಳೆತಕ್ಕೆ ಬೆರಳೊಂದೇ ಸಾಲದೆ ಮಣಿಕಟ್ಟೂ ತೋಳೂ ಒದಗಬೇಕಾಗುತ್ತದೆ. ತೋರುಬೆರಳ ತುದಿಯಲ್ಲಿ ತಂತಿಯು ಕೊರೆದ ಕಪ್ಪು ಗೆರೆ, ಜಾರಲೆಂದು ಬೆರಳಿಗೆ ಸವರುವ ಕೊಬ್ಬರಿ ಎಣ್ಣೆ, ಇವು ವೇದಿಕೆಯ ಹತ್ತಿರ ಕುಳಿತವರಿಗೆ ಕಾಣುವುವು.

ಬಲಗೈಯ ವಿಷಯ ಇನ್ನೂ ಸ್ವಾರಸ್ಯದ್ದು. ಮಿಜರಾಬು ತೊಟ್ಟ ಬೆರಳು ಒಳಕ್ಕೆ ಮಡಿಯುತ್ತ ಮೀಟಿದರೆ 'ದಾ', ಹೊರಕ್ಕೆ ಚಾಚುತ್ತ ಮೀಟಿದರೆ 'ರಾ'. ಮುಷ್ಟಿ ಕಟ್ಟುವ ಕಡೆಗಿನ ಚಲನೆಗೆ ಬಲ ಹೆಚ್ಚಾದುದರಿಂದ 'ದಾ' ತೂಕದ್ದು, 'ರಾ' ಹಗುರ. ವಿಲಂಬಿತದ ಮಸೀತಖಾನಿ ಗತ್ತಿನ 'ದಿರ ದಾ ದಿರ ದಾ ರಾ ದಾ ದಾ ರಾ' ಎಂಬ ಬೋಲು ತೀನತಾಲದ 12ನೆಯ ಮಾತ್ರೆಯಿಂದ ಎದ್ದು, ಸಮಕ್ಕೆ ಸರಿಯಾಗಿ ಒಂದು 'ದಾ'ವನ್ನೇ ತಂದು ನಿಲ್ಲಿಸುತ್ತದೆ. ಬೆರಳಿನ ಸ್ನಾಯುವಿನ ಬಲವು ಹೀಗೆ ಗತ್ತಿನ ಛಂದಸ್ಸೇ ಆಗಿ ಪರಿಣಮಿಸಿದೆ.

ಬೆರಳಿಗಿಂತ ಕಠಿಣವಾದುದು ಉಸಿರು. ವಿಜಯಪುರದ ಓಣಿಗಳಲ್ಲಾಗಲಿ, ತಿಕೋಟೆ ಬಬಲೇಶ್ವರಗಳ ಮದುವೆಯ ಹಂದರಗಳಲ್ಲಾಗಲಿ ಸನಾದಿಯನ್ನು ಕೇಳಿದವರು, ಒಬ್ಬನು ಷಡ್ಜವೊಂದನ್ನೇ ಎಡೆಬಿಡದೆ ಹಿಡಿದಿರುವುದನ್ನು ಗಮನಿಸಿರಬಹುದು. ಅವನು ಉಸಿರೆಳೆದುಕೊಳ್ಳುವುದಿಲ್ಲವೆಂದಲ್ಲ: ಕೆನ್ನೆಗಳಲ್ಲಿ ಗಾಳಿಯನ್ನು ತುಂಬಿಟ್ಟುಕೊಂಡು, ಕಮ್ಮಾರನ ತಿದಿಯಂತೆ ಅದನ್ನು ವಾದ್ಯದೊಳಕ್ಕೆ ಒತ್ತುತ್ತಿರುವ ಆ ಗಳಿಗೆಯಲ್ಲೇ ಮೂಗಿನಿಂದ ಹೊಸ ಗಾಳಿಯನ್ನು ಸೆಳೆದುಬಿಡುತ್ತಾನೆ. ಮುಖ್ಯ ವಾದಕನಿಗೆ ಇದರ ಮೇಲೆ ತುಟಿಯ ಕೆಲಸವೂ ಉಂಟು. ರಂಧ್ರವನ್ನು ಅರೆಮುಚ್ಚಿ, ತುಟಿಯ ಬಿಗಿಯನ್ನು ಹೆಚ್ಚು ಕಡಿಮೆ ಮಾಡಿ ಅವನು ಸ್ವರಗಳ ನಡುವಣ ಜಾರುಗಳನ್ನು ತೆಗೆಯುತ್ತಾನೆ. ಈ ಶ್ರಮವನ್ನು ಹಂದರದ ಮೂಲೆಯಲ್ಲಿ ಕೂರಿಸಿ ಊಟದ ಗದ್ದಲದಲ್ಲಿ ಮರೆಯುವ ನಾವು, ಅದೇ ವಾದ್ಯ ಸಭಾಭವನಕ್ಕೆ ಬಂದಾಗ ಟಿಕೇಟು ಕೊಂಡು ಕೇಳುತ್ತೇವೆ.

ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯನ್ನಾಧರಿಸಿ 1977ರಲ್ಲಿ ಬಂದ 'ಸನಾದಿ ಅಪ್ಪಣ್ಣ' ಚಲನಚಿತ್ರದಲ್ಲಿ ನುಡಿಸುವವನಾಗಿ ಕಾಣುವವರು ರಾಜಕುಮಾರ್, ಕೇಳುವ ಶಹನಾಯಿ ಬಿಸ್ಮಿಲ್ಲಾ ಖಾನರದು. ಒಬ್ಬರ ಬೆರಳಿಗೂ ಕೆನ್ನೆಗೂ ಇನ್ನೊಬ್ಬರ ಉಸಿರನ್ನು ಹೊಂದಿಸಿದ ಆ ಚಿತ್ರವನ್ನು ಮತ್ತೆ ನೋಡುವ ಅವಕಾಶವುಳ್ಳವರು, ಕಣ್ಣೀರಿನ ಪ್ರಸಂಗಗಳನ್ನು ಬದಿಗಿಟ್ಟು, ವಾದನದ ದೃಶ್ಯಗಳಲ್ಲಿ ನಾದವು ನಿಲ್ಲದೆ ಸಾಗುವಾಗ ನಟನ ಮೂಗಿನ ಹೊಳ್ಳೆಗಳನ್ನು ಮಾತ್ರ ನೋಡಲಿ.