ಪರಿಷೆಯ ರಾತ್ರಿ ಬಿಡಾರ

ಬೆಂಗಳೂರಿನ ಜಯನಗರದಿಂದ ಸೌತ್ ಎಂಡ್ ಸರ್ಕಲ್, ಎನ್.ಆರ್. ಕಾಲೊನಿ ದಾಟಿ ಬುಲ್ ಟೆಂಪಲ್ ರಸ್ತೆಗೆ ಬನ್ನಿ. ಅಲ್ಲಿ ನಡೆಯುವ ಕಡಲೆಕಾಯಿ ಪರಿಷೆಯನ್ನು ಎಲ್ಲರೂ ಸಂಜೆ ನೋಡುತ್ತಾರೆ. ರಾತ್ರಿ ಹನ್ನೊಂದರ ಮೇಲೆ, ಬಲೂನು, ಬೆಂಡು ಬತ್ತಾಸು ಕೊಂಡವರೆಲ್ಲ ಮನೆ ಸೇರಿದ ಮೇಲೆ ಬಂದರೆ ಕಾಣುವುದು ಬೇರೆಯೇ ಊರು.

ಎರಡೂ ಬದಿಯ ಫುಟ್‌ಪಾತ್ ಉದ್ದಕ್ಕೂ ಕಡಲೆಕಾಯಿ ರಾಶಿ. ಪ್ರತಿ ರಾಶಿಯ ಹಿಂದೆ ಒಂದು ಸಂಸಾರ. ಮರದಿಂದ ಕಾಂಪೌಂಡಿನ ಕಂಬಿಗೆ ಹಗ್ಗ ಎಳೆದು, ಮೇಲೆ ಟಾರ್ಪಾಲು ಹೊದಿಸಿದರೆ ಬಿಡಾರ ಸಿದ್ಧ. ಮಾಗಡಿ, ಕೋಲಾರ, ಚಿಂತಾಮಣಿಯಿಂದ, ಗಡಿಯಾಚೆಯ ಆಂಧ್ರ, ತಮಿಳುನಾಡಿನಿಂದ ಬಂದವರು ಇವರು. ಖಾಲಿ ಗೋಣಿಚೀಲ ಹಾಸಿ ಮೊಮ್ಮಗುವನ್ನು ಮಲಗಿಸುತ್ತಿದ್ದ ಅಜ್ಜಿಯನ್ನು, ಜಾಗಕ್ಕೆ ಮೊದಲೇ ಹೇಳಿಟ್ಟಿದ್ರಾ ಎಂದು ಕೇಳಿದೆ.

“ಯಾರ್ಗೆ ಹೇಳಾದಪ್ಪ? ಮೊದ್ಲು ಬಂದೋರ್ಗೆ ಜಾಗ. ನಾವು ಯಾವಾಗ್ಲೂ ಇದೇ ಮರದ್ ಕೆಳ್ಗೆ” ಎನ್ನುತ್ತಾ, ಹುರಿದ ಕಾಯಿ ಒಂದು ಹಿಡಿ ಕೈಗಿಟ್ಟರು. ಸಿಪ್ಪೆ ಇನ್ನೂ ಬಿಸಿಯಿತ್ತು. ಪಕ್ಕದಲ್ಲಿ ಅವರ ಮಗ ರಾಶಿಗೆ ಒರಗಿಕೊಂಡೇ ತೂಕಡಿಸುತ್ತಿದ್ದ. ಅಳೆಯುವ ಸೇರು ಅವನ ಮಡಿಲಲ್ಲಿತ್ತು. ರಾಶಿ ಬಿಟ್ಟು ಏಳುವ ಹಾಗಿಲ್ಲ, ವರ್ಷದ ಬೆಳೆ ಅದು.

1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರೇ ಕಟ್ಟಿಸಿದ್ದೆನ್ನುವ ದೊಡ್ಡ ಬಸವಣ್ಣನ ಗುಡಿ ಇಲ್ಲಿಂದ ನಾಲ್ಕು ಹೆಜ್ಜೆ. ಸುಂಕೇನಹಳ್ಳಿ, ಮಾವಳ್ಳಿ, ಗುಟ್ಟಹಳ್ಳಿಯ ರೈತರ ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ ಬಸವನನ್ನು ಒಲಿಸಿಕೊಳ್ಳಲು ಮೊದಲ ಫಸಲನ್ನು ಅರ್ಪಿಸಿದರೆಂಬುದು ಪರಿಷೆಯ ಕಥೆ. ಆ ಹಳ್ಳಿಗಳೆಲ್ಲ ಈಗ ಬಡಾವಣೆಗಳು. ಹೊಲಗಳು ದೂರ ಸರಿದವು, ಹಾಗಾಗಿ ರೈತರು ರಾತ್ರಿ ಉಳಿಯಲೇಬೇಕಾಯಿತು. ಕಾರ್ತಿಕದ ಕೊನೆಯ ಸೋಮವಾರದ ಪರಿಷೆ 2025ರಲ್ಲಿ ಐದು ದಿನಕ್ಕೆ ಬೆಳೆಯಿತು. ವ್ಯಾಪಾರಕ್ಕೆ ಅದು ಒಳ್ಳೆಯದೇ. ಆದರೆ ಐದು ದಿನ ಎಂದರೆ ಫುಟ್‌ಪಾತಿನ ಮೇಲೆ ಅಷ್ಟೂ ರಾತ್ರಿ, ಕಾರ್ತಿಕದ ಚಳಿಯಲ್ಲಿ.

ಹೊರಗೆ ರಾತ್ರಿ ಕಳೆಯುವವರಿಗೆ ಊರೇ ಏರ್ಪಾಡು ಮಾಡುವುದು ಹೊಸದಲ್ಲ. ಫ್ರಾನ್ಸಿನ ಸಣ್ಣ ಊರುಗಳಲ್ಲಿ ಪುರಸಭೆಯೇ ನಡೆಸುವ ಕ್ಯಾಂಪಿಂಗ್ ಮೈದಾನಗಳಿವೆ. ಬುಕಿಂಗ್ ಮಾಡದೆ ಟೆಂಟು ಹೊತ್ತು ಬಂದ ಪ್ರವಾಸಿಗೂ ಜಾಗವಿದ್ದರೆ ಸಣ್ಣ ಶುಲ್ಕಕ್ಕೆ ಟೆಂಟು ಹಾಕಲು ಒಂದು ತುಂಡು ನೆಲ, ಕುಡಿಯುವ ನೀರು, ಶೌಚಾಲಯ, ಬಿಸಿನೀರಿನ ಸ್ನಾನ, ಬಟ್ಟೆ ಪಾತ್ರೆ ತೊಳೆಯಲು ತೊಟ್ಟಿ ಸಿಗುತ್ತವೆ. ರಜೆಗೆ ಬಂದವನಿಗೆ ಒಂದು ಊರು ಮಾಡಿಕೊಡುವ ಈ ಏರ್ಪಾಡು, ದುಡಿಯಲು ಬಂದವರಿಗೆ ನಮ್ಮೂರಿನಲ್ಲಿ ಯಾಕಾಗಬಾರದು?

ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ. ಈ ಸುತ್ತಿನಲ್ಲಿ ಕಲ್ಯಾಣ ಮಂಟಪಗಳಿಗೆ ಬರವಿಲ್ಲ, ಶಾಲೆ ಕಾಲೇಜುಗಳೂ ಬೇಕಾದಷ್ಟಿವೆ. ಪರಿಷೆಯ ದಿನಗಳಲ್ಲಿ ಬೆಳಗಿನ ಜಾವ ಅವುಗಳ ಬಚ್ಚಲು ಮನೆ, ಶೌಚಾಲಯಗಳನ್ನು ತೆರೆದಿಟ್ಟರೆ ಹೆಂಗಸರ ಅರ್ಧ ಕಷ್ಟ ಕಳೆಯುತ್ತದೆ. ಇಪ್ಪತ್ತು ರಾಶಿಗೊಂದು ನಲ್ಲಿ, ರಾತ್ರಿಯಿಡೀ ದೀಪ, ರಾಶಿ ಕಾಯಲು ಬೀಟ್ ಪೊಲೀಸರು ಇದ್ದರೆ ಆ ಅಜ್ಜಿಯ ಮಗನೂ ಕಾಲು ಚಾಚಿ ಮಲಗಬಹುದು.

ಮುಂದಿನ ಕಾರ್ತಿಕಕ್ಕೆ ಮೊದಲು ನಿಮ್ಮ ಬೀದಿಯ ಮಂಟಪದವರ ಜೊತೆ, ಶಾಲೆಯವರ ಜೊತೆ ಈ ಮಾತು ಎತ್ತಿ. ಕಡಲೆಕಾಯಿ ಕೊಳ್ಳಲು ಹೇಗೂ ಹೋಗುತ್ತೀರಿ. ಒಂದು ದಿನ ರಾತ್ರಿಯೂ ಹೋಗಿ ಬನ್ನಿ.