ಕಳ್ಳಿಗೆ ಎಲೆಯಿದ್ದ ಕಾಲ

ಮಳೆಗಾಲದ ರಾತ್ರಿ ಅರಳಿ ಓಣಿಯವರನ್ನೆಲ್ಲ ಅಂಗಳಕ್ಕೆ ಕರೆಸಿಕೊಳ್ಳುವ ಬ್ರಹ್ಮಕಮಲ ಮೆಕ್ಸಿಕೊ ಕಡೆಯ ಕಳ್ಳಿ ಎಂದರೆ ಎಷ್ಟೋ ಜನ ನಂಬುವುದಿಲ್ಲ. ಮುಳ್ಳಿಲ್ಲ, ಉಬ್ಬಿದ ಮೈಯಿಲ್ಲ. ಎಲೆಯಂತೆ ಕಾಣುವುದು ಚಪ್ಪಟೆಯಾದ ಕಾಂಡ. ಮೊಗ್ಗು ಹೊರಡುವುದು ಅದರ ಅಂಚಿನಿಂದ. ನಮ್ಮ ಬಯಲುಸೀಮೆಯಲ್ಲಿ ರೈತರು ಕಂಬಕ್ಕೆ ಹಬ್ಬಿಸಿ ಬೆಳೆಯುತ್ತಿರುವ ಡ್ರ್ಯಾಗನ್ ಫ್ರೂಟ್ ಇದರ ಹತ್ತಿರದ ನೆಂಟ. ಆದರೆ ಹೊಲದ ಬೇಲಿಯಲ್ಲಿ ಮುಳ್ಳು ಕೆದರಿ ನಿಂತ, ಮುರಿದರೆ ಹಾಲು ಸುರಿಸುವ ಚದುರಗಳ್ಳಿ ಈ ಕುಟುಂಬದ್ದೇ ಅಲ್ಲ. ಅದು ಹರಳು ಗಿಡದ ಬಳಗ.

ಬರಗಾಲದಲ್ಲಿ ಬದುಕಬೇಕಾದ ಗಿಡಗಳು ಒಂದೇ ವೇಷ ತೊಡುವುದರಿಂದ, ಮುಖ ನೋಡಿ ಮಣೆ ಹಾಕಿದ ಸಸ್ಯಶಾಸ್ತ್ರಜ್ಞರು ಕಳ್ಳಿಗಳ ವಿಷಯದಲ್ಲಿ ಬಹಳ ಸಲ ಎಡವಿದ್ದಾರೆ. ಪಳೆಯುಳಿಕೆ ನೋಡೋಣವೆಂದರೆ ಈ ಮೆತ್ತನೆಯ ಗಿಡಗಳು ಒಣನೆಲದಲ್ಲಿ ಬಿಟ್ಟುಹೋದ ಗುರುತು ಇಲ್ಲವೆನ್ನುವಷ್ಟು ಕಡಿಮೆ. ಉಳಿದ ದಾರಿ ಡಿಎನ್‌ಎ.

ಅದನ್ನು ಹೊರತೆಗೆಯುವುದೇ ಒಂದು ಪಾಡು. ನೀರು ಹಿಡಿದಿಡುವ ಲೋಳೆ ಕಳ್ಳಿಯ ಜೀವಾಳ. ಪ್ರಯೋಗಾಲಯದಲ್ಲಿ ಅದೇ ಶತ್ರು. ತಿರುಳನ್ನು ಅರೆದರೆ ಡಿಎನ್‌ಎ ಆ ಅಂಟಿನಲ್ಲಿ ಸಿಕ್ಕಿಕೊಳ್ಳುತ್ತದೆ, ಮುಂದಿನ ಹಂತದ ಕಿಣ್ವಗಳು ಕೆಲಸ ಮಾಡಲು ಒಲ್ಲವೆನ್ನುತ್ತವೆ. ಈ ಗೋಜೇ ಬೇಡವೆಂದು ತಿರುಳು ಬಿಟ್ಟು ಮುಳ್ಳಿನಿಂದ ಡಿಎನ್‌ಎ ತೆಗೆದವರೂ ಉಂಟು.

ಡಿಎನ್‌ಎ ಕೈಗೆ ಬಂದ ಮೇಲೆ, ಬೇರೆ ಬೇರೆ ಗಿಡಗಳ ಒಂದೇ ಜೀನನ್ನು ಸಾಲಾಗಿ ಇಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸುತ್ತಾರೆ. ಯಾವ ಬದಲಾವಣೆಯನ್ನು ಯಾರು ಯಾರು ಹಂಚಿಕೊಂಡಿದ್ದಾರೆ ಎಂಬುದರ ಮೇಲೆ ವಂಶವೃಕ್ಷ ಏಳುತ್ತದೆ. 2002ರಲ್ಲಿ ರೆಟೊ ನಿಫೆಲರ್ ಕ್ಲೋರೋಪ್ಲಾಸ್ಟಿನಲ್ಲಿರುವ ಮ್ಯಾಟ್‌ಕೆ ಜೀನಿನ ಭಾಗವನ್ನು ಹೀಗೆ ಓದಿದಾಗ ಪೆರೆಸ್ಕಿಯ ಎಂಬ ಗುಂಪಿನ ಬಗ್ಗೆ ಅನುಮಾನ ಹುಟ್ಟಿತು.

ಪೆರೆಸ್ಕಿಯ ನೋಡಲು ಮಾಮೂಲಿ ಗಿಡ. ಅಗಲವಾದ ಎಲೆ, ಕಟ್ಟಿಗೆಯಂಥ ಕಾಂಡ, ಗುಲಾಬಿಯನ್ನು ನೆನಪಿಸುವ ಹೂ. ಎಲೆಯ ಕಂಕುಳಲ್ಲಿ ಕಳ್ಳಿಗಳಿಗಷ್ಟೇ ಇರುವ ಪುಟ್ಟ ದಿಂಡು, ಅದರಿಂದ ಹೊರಟ ಮುಳ್ಳು ಕಾಣದಿದ್ದರೆ ಕಳ್ಳಿಯೆಂದು ಯಾರೂ ಗುರುತಿಸಲಾರರು. ಪೆರೆಸ್ಕಿಯಗಳೆಲ್ಲ ಒಂದೇ ಮನೆಯವು, ಹಳೆಯ ಕಾಲದ ಕಳ್ಳಿಯ ಪಳೆಯುಳಿಕೆಯಂಥವು ಎಂಬುದು ರೂಢಿಯ ನಂಬಿಕೆ. 2005ರಲ್ಲಿ ಎರಿಕಾ ಎಡ್ವರ್ಡ್ಸ್, ನಿಫೆಲರ್ ಮತ್ತು ಮೈಕೆಲ್ ಡೊನಹ್ಯೂ ಕ್ಲೋರೋಪ್ಲಾಸ್ಟ್, ಮೈಟೋಕಾಂಡ್ರಿಯ, ನ್ಯೂಕ್ಲಿಯಸ್ ಮೂರರ ಜೀನುಗಳನ್ನೂ ಓದಿ ಮನೆ ಎರಡಾಗಿದೆ ಎಂದು ತೋರಿಸಿದರು. ಕೆರಿಬಿಯನ್ ಸುತ್ತಿನ ಪೆರೆಸ್ಕಿಯಗಳು ಮಿಕ್ಕೆಲ್ಲ ಕಳ್ಳಿಗಳಿಂದ ಮೊದಲೇ ಕವಲೊಡೆದವು. ದಕ್ಷಿಣ ಅಮೆರಿಕದವು ತಮ್ಮಂತೆಯೇ ಎಲೆ ಬಿಡುವ ಆ ಉತ್ತರದವುಗಳಿಗಿಂತ ಗುಂಡುಕಳ್ಳಿ, ಪಾಪಾಸುಕಳ್ಳಿಗಳಿಗೆ ಹತ್ತಿರ!

ಹಾಗಾದ ಮೇಲೆ ಗಿಡವನ್ನು ಮತ್ತೆ ಕಣ್ಣಿಟ್ಟು ನೋಡಿದರೆ ವ್ಯತ್ಯಾಸ ಅಲ್ಲೇ ಇತ್ತು. ಉತ್ತರದವುಗಳ ಕಾಂಡ ಬೇಗ ತೊಗಟೆ ಕಟ್ಟುತ್ತದೆ, ಅದರ ಮೇಲೆ ಗಾಳಿಯಾಡುವ ಪತ್ರರಂಧ್ರಗಳಿಲ್ಲ. ದಕ್ಷಿಣದವುಗಳ ಕಾಂಡ ಬಹುಕಾಲ ಹಸಿರಾಗಿರುತ್ತದೆ, ಪತ್ರರಂಧ್ರಗಳೂ ಇವೆ. ಅಂದರೆ ಎಲೆಯ ಕೆಲಸ ಹೊರಲು ಕಾಂಡ ಸಜ್ಜಾದದ್ದು ಎಲೆ ಉದುರಿಹೋಗುವುದಕ್ಕೆ ಮೊದಲೇ. ಮುಳ್ಳುಗುಂಡು ಹೇಗೆ ಹುಟ್ಟಿತು ಎಂಬುದಕ್ಕೆ ಇಷ್ಟು ಸೊಗಸಾದ ಉತ್ತರ ಕಳ್ಳಿ ಸಂಶೋಧನೆಯಲ್ಲಿ ಇನ್ನೊಂದಿಲ್ಲವೆಂದೇ ನನ್ನ ಎಣಿಕೆ. ಉತ್ತರದ ಗುಂಪಿಗೆ ಮುಂದೆ ಲ್ಯೂಯೆನ್‌ಬರ್ಗೇರಿಯ ಎಂಬ ಹೆಸರು ಬಂತು. 1986ರಲ್ಲಿ ಪೆರೆಸ್ಕಿಯಗಳ ದೊಡ್ಡ ಅಧ್ಯಯನ ಪ್ರಕಟಿಸಿದ ಬೀಟ್ ಲ್ಯೂಯೆನ್‌ಬರ್ಗರ್ ನೆನಪಿಗೆ.

ಕಾಲದ ಲೆಕ್ಕವನ್ನು 2011ರಲ್ಲಿ ಮೋನಿಕಾ ಅರಾಕಾಕಿ ಮತ್ತು ಸಂಗಡಿಗರು ಕೊಟ್ಟರು. ಕಳ್ಳಿಗಳು ತಮ್ಮ ಹತ್ತಿರದ ನೆಂಟ ಗಿಡಗಳಿಂದ ಬೇರೆಯಾದದ್ದು ಸುಮಾರು 3.5 ಕೋಟಿ ವರ್ಷ ಹಿಂದೆ. ಇಂದು ಕಾಣುವ ದೊಡ್ಡ ದೊಡ್ಡ ಗುಂಪುಗಳು ಕವಲೊಡೆದದ್ದು ಮಾತ್ರ ಕಳೆದ ಒಂದು ಕೋಟಿ ವರ್ಷದೊಳಗೆ.

ಹಾಗೆಂದು ಡಿಎನ್‌ಎ ಹೇಳಿದ್ದೆಲ್ಲ ಒಂದೇ ಮಾತಲ್ಲ. ಅಮೆರಿಕದ ಸೊನೊರಾ ಮರುಭೂಮಿಯ ಸಗ್ವಾರೊ ಮತ್ತು ಅದರ ಬಳಗದ ಕಂಬಕಳ್ಳಿಗಳ ಜೀನೋಮುಗಳನ್ನು ಹೋಲಿಸಿದ 2017ರ ಅಧ್ಯಯನದಲ್ಲಿ ಜೀನಿನಿಂದ ಜೀನಿಗೆ ವಂಶವೃಕ್ಷವೇ ಬದಲಾಯಿತು. ಅಜ್ಜಿಯ ಒಡವೆಗಳು ಮೊಮ್ಮಕ್ಕಳಿಗೆ ಹಂಚಿಹೋದಾಗ ಒಂದೇ ಜೋಡಿಯ ಬಳೆ ಇಬ್ಬರು ದೂರದ ದಾಯಾದಿಗಳ ಕೈಗೆ ಬರುವುದುಂಟಲ್ಲ, ಹಾಗೆ. ಬೇರೆ ಬೇರೆಯಾಗಿ ಹುಟ್ಟಿದವೆಂದು ತೋರುವ ಹೋಲಿಕೆಗಳಲ್ಲಿ ಬಹಳಷ್ಟು ಇಂಥ ಹಳೆಯ ಹಂಚಿಕೆಯಿಂದ ಬಂದವು. ಸಗ್ವಾರೊ ಮೊದಲ ಹೂ ಬಿಡಲು ಮೂರು ದಶಕಕ್ಕೂ ಮೀರಿ ಕಾಯುತ್ತದೆ, ನೂರೈವತ್ತು ವರ್ಷ ಬಾಳುವುದೂ ಉಂಟು. ತಲೆಮಾರು ಇಷ್ಟು ನಿಧಾನವಾದಾಗ ಹಳೆಯ ಜೀನ್ ರೂಪಗಳು ಹೊಸ ಪ್ರಭೇದ ಕವಲೊಡೆದ ಮೇಲೂ ಜೊತೆಜೊತೆಗೇ ಉಳಿದುಬಿಡುತ್ತವೆ. ಹೀಗಾಗಿ ಒಂದೆರಡು ಜೀನು ಓದಿ ಕಂಬಕಳ್ಳಿಗಳ ಸಂಬಂಧ ತೀರ್ಮಾನಿಸುವಂತಿಲ್ಲ. ನೂರಾರು ಜೀನುಗಳನ್ನು ಒಟ್ಟಿಗೆ ಓದಬೇಕು.